ಗಾಜಿನ ತಟ್ಟೆಯಲ್ಲಿರುವುದು ಯಾವ ಯಕೃತ್ತು?

ಸ್ಟೀರಾಯ್ಡ್ ಹಾರ್ಮೋನುಗಳು ಯಕೃತ್ತಿನ ಜೀವಕೋಶದೊಳಕ್ಕೆ ಅಮೈನೋ ಆಮ್ಲಗಳ ಪ್ರವೇಶವನ್ನು ಹೆಚ್ಚಿಸುತ್ತವೆಯೋ, ತಗ್ಗಿಸುತ್ತವೆಯೋ? ಪ್ರಯೋಗಶಾಲೆಗಳು ಈ ಪ್ರಶ್ನೆಗೆ ಎರಡು ವಿರುದ್ಧ ಉತ್ತರಗಳನ್ನು ಕೊಟ್ಟಿವೆ. ಎರಡೂ ನಿಜವೇ. ಇದು ಹೇಗೆಂಬುದನ್ನು ವಿದ್ಯಾರ್ಥಿಗಳು ವಿಚಾರಿಸಿ ನೋಡುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.

ಕೋಶದ ಪೊರೆಯು ಬರಿಯ ಜರಡಿಯಲ್ಲ. ಪೋಷಕ ದ್ರವ್ಯಗಳನ್ನು ಸಾಗಿಸುವ ಪ್ರೋಟೀನ್ ವಾಹಕಗಳು ಅದರಲ್ಲಿವೆ. ಏತದ ತೊಲೆಯ ಮೇಲೆ ಆಳು ಇಳಿಮುಖವಾಗಿ ನಡೆದಾಗ ಬಾವಿಯ ನೀರು ಮೇಲೇರುವುದಷ್ಟೆ; ಹಾಗೆಯೇ ಸೋಡಿಯಂ ಅಯಾನು ಒಳಕ್ಕಿಳಿಯುವ ಬಲದಿಂದ ಕೆಲವು ವಾಹಕಗಳು ಅಮೈನೋ ಆಮ್ಲವನ್ನು ಕಡಮೆ ಸಾಂದ್ರತೆಯಿಂದ ಹೆಚ್ಚು ಸಾಂದ್ರತೆಯ ಕಡೆಗೆ ಏರಿಸುತ್ತವೆ. ಈ ಸಾಗಣೆಯನ್ನು ಅಳೆಯುವುದು ಸುಲಭವಲ್ಲ. ಸಾಧಾರಣ ಅಮೈನೋ ಆಮ್ಲವನ್ನು ಕೊಟ್ಟರೆ ಕೋಶವು ಅದನ್ನು ಪ್ರೋಟೀನಾಗಿಸುತ್ತದೆ, ಇಲ್ಲವೆ ದಹಿಸಿಬಿಡುತ್ತದೆ. ಬಂದುದೆಷ್ಟು, ವ್ಯಯವಾದುದೆಷ್ಟು ಎಂಬ ಲೆಕ್ಕ ಕಲಸಿಹೋಗುತ್ತದೆ. ಆದುದರಿಂದ ಪ್ರಯೋಗಕಾರರು ಆಲ್ಫಾ-ಅಮೈನೋಐಸೋಬ್ಯುಟಿರಿಕ್ ಆಮ್ಲವನ್ನು ಬಳಸುತ್ತಾರೆ. ವಾಹಕವು ಇದನ್ನು ನಿಜವಾದ ಆಹಾರವೆಂದೇ ಒಳಗೊಯ್ಯುತ್ತದೆ. ಕೋಶವಾದರೋ ಇದನ್ನು ಜೀರ್ಣಿಸಿಕೊಳ್ಳಲಾರದು. ಅದರಲ್ಲಿ ವಿಕಿರಣಶೀಲ ಇಂಗಾಲ-14ನ್ನು ಸೇರಿಸಿ, ಕೆಲವೇ ನಿಮಿಷಗಳ ತರುವಾಯ ಕೋಶಗಳನ್ನು ತಣ್ಣನೆಯ ದ್ರಾವಣದಿಂದ ತೊಳೆದು, ಉಳಿದ ವಿಕಿರಣವನ್ನು ಎಣಿಸಿದರೆ ಸಾಗಣೆಯ ವೇಗವು ದೊರೆಯುತ್ತದೆ. ಭೌತವಿಜ್ಞಾನವನ್ನು ಬೋಧಿಸುವ ನಾವು ಜೀವಶಾಸ್ತ್ರದಲ್ಲಿ ಇಷ್ಟು ಮೆಚ್ಚಿಕೊಂಡ ಉಪಾಯಗಳು ವಿರಳ.

ಇನ್ನು ಕೋಶಗಳ ವಿಚಾರ. 1966ರಲ್ಲಿ ಅಮೆರಿಕದ ಥಾಮ್ಸನ್, ಟಾಮ್ಕಿನ್ಸ್ ಮತ್ತು ಕರ್ರನ್ ಎಂಬುವರು ಇಲಿಯ ಯಕೃತ್ತಿನ ಅರ್ಬುದದಿಂದ ಬೆಳೆಸಿದ ಕೋಶಗಳ ವಂಶವೊಂದನ್ನು ವರ್ಣಿಸಿದರು. ಡೆಕ್ಸಾಮೆಥಾಸೋನ್ ಎಂಬ ಕೃತಕ ಸ್ಟೀರಾಯ್ಡನ್ನು ಬೆರೆಸಿದೊಡನೆ ಈ ಕೋಶಗಳು ಒಂದು ಕಿಣ್ವವನ್ನು ಅನೇಕ ಮಡಿ ಹೆಚ್ಚಾಗಿ ತಯಾರಿಸತೊಡಗುತ್ತವೆ. ಆದರೆ 1970ರ ದಶಕದಲ್ಲಿ ಸಾಗಣೆಯನ್ನು ಅಳೆದಾಗ ಅದು ಕುಗ್ಗಿತ್ತು! ಕುಗ್ಗಬೇಕಾದರೂ ಹೊಸ ಆರ್‌ಎನ್‌ಎ, ಹೊಸ ಪ್ರೋಟೀನುಗಳು ತಯಾರಾಗಬೇಕು. ಇನ್ಸುಲಿನ್ ಸೇರಿಸಿದರೆ ಸಾಗಣೆಯು ಮರಳಿ ಏರುತ್ತದೆ. ಆರೋಗ್ಯವಂತ ಇಲಿಯ ಯಕೃತ್ತಿನಿಂದ ಬಿಡಿಸಿ ತೆಗೆದ ಕೋಶಗಳ ನಡತೆಯೇ ಬೇರೆ. ಅಲ್ಲಿ ಅದೇ ಡೆಕ್ಸಾಮೆಥಾಸೋನ್, ಸಾಗಣೆಯನ್ನು ಹೆಚ್ಚಿಸುವ ಗ್ಲುಕಗಾನಿಗೆ ನೆರವಾಗಿ ನಿಲ್ಲುತ್ತದೆ. ಉಪವಾಸದಲ್ಲಿ ಮಾಂಸಖಂಡದಿಂದ ಹೊರಟ ಅಮೈನೋ ಆಮ್ಲಗಳನ್ನು ಯಕೃತ್ತು ಹೀರಿಕೊಂಡು ಸಕ್ಕರೆಯನ್ನಾಗಿ ಮಾಡಬೇಕಲ್ಲವೆ? ಈ ನಡತೆ ಅದಕ್ಕೆ ಒಪ್ಪುವಂಥದು.

ಅರ್ಬುದದ ಕೋಶಗಳು ನಿರುಪಯೋಗಿಯೆಂದು ನಾವು ಹೇಳುತ್ತಿಲ್ಲ. ಅವು ಒಂದೇ ವಂಶದವು, ಎಡೆಬಿಡದೆ ಬೆಳೆಯುತ್ತವೆ. ಹಾರ್ಮೋನು ಜೀನಿನ ಮೇಲೆ ನಡೆಸುವ ಕಾರ್ಯವನ್ನು ಅರಿಯಲು ಅವುಗಳಿಂದಾದ ಉಪಕಾರ ಅಪಾರ. ನಮ್ಮ ಆಕ್ಷೇಪಣೆಯಿರುವುದು, ಅವುಗಳಲ್ಲಿ ಕಂಡುದನ್ನು 'ಯಕೃತ್ತು ಹೀಗೆ ಮಾಡುತ್ತದೆ' ಎಂದು ಬರೆದುಬಿಡುವ ಲೇಖನಿಯ ಬಗ್ಗೆ. ಡೆಕ್ಸಾಮೆಥಾಸೋನ್ ಗಾಜಿನ ತಟ್ಟೆಯಲ್ಲಿ ಮಾತ್ರ ಇರುವ ವಸ್ತುವಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ, ಕೃತಕ ಉಸಿರಾಟದಲ್ಲಿದ್ದ ಕೋವಿಡ್ ರೋಗಿಗಳ ಮರಣವನ್ನು ಅದು ಸುಮಾರು ಮೂರನೆಯ ಒಂದರಷ್ಟು ತಗ್ಗಿಸಿತು; ಆಮ್ಲಜನಕದ ಅವಶ್ಯಕತೆಯೇ ಇಲ್ಲದವರಿಗೆ ಪ್ರಯೋಜನವಾಗಲಿಲ್ಲ. ರಕ್ತದ ಸಕ್ಕರೆಯನ್ನು ಏರಿಸುವ ಗುಣವೂ ಅದಕ್ಕುಂಟು. 'ಸ್ಟೀರಾಯ್ಡ್ ಒಳ್ಳೆಯದು', 'ಸ್ಟೀರಾಯ್ಡ್ ವಿಷ' ಎಂಬ ತಲೆಬರಹಗಳಲ್ಲಿ ಇವಾವುದಕ್ಕೂ ಎಡೆಯಿಲ್ಲ.

ಪಠ್ಯಪುಸ್ತಕದ ಚಿತ್ರದ ಕೆಳಗೆ 'ಯಕೃತ್ತಿನ ಕೋಶ' ಎಂದಷ್ಟೇ ಇದ್ದರೆ, ಅದು ಯಾವ ಪ್ರಾಣಿಯದು, ಆರೋಗ್ಯದ್ದೋ ಅರ್ಬುದದ್ದೋ, ಹಾರ್ಮೋನು ಬೆರೆಸಿ ಎಷ್ಟು ಗಂಟೆಯಾಗಿತ್ತು ಎಂದು ವಿದ್ಯಾರ್ಥಿಗಳು ಅಧ್ಯಾಪಕರನ್ನು ಕೇಳಲಿ. ನಮ್ಮನ್ನು ಕೇಳಿದರೂ ಸರಿಯೆ.