ಸರ್ವರ್ ನಿಂತರೆ ಆಟವೂ ಸಾಯಬೇಕೇ?

ಕನ್ನಡ ಮಾತಾಡುವ ಕಾಪ್ಪಿಲಿಯರ ಮನೆಗಳೂ ಇರುವ ತಮಿಳುನಾಡಿನ ಕಂಬಂ ಕಣಿವೆಯಲ್ಲಿ, ಆಚೆ ದಿಂಡಿಗಲ್ಲಿನಲ್ಲೂ, ಹಿರಿಯರಿಗೆ ಆಡು-ಹುಲಿ ಆಟ ಹೇಳಿಕೊಡಬೇಕಿಲ್ಲ. ಗುಡಿಯ ಜಗಲಿಯ ಮೇಲೆ ಗೀರಿದ ತ್ರಿಕೋನ, 23 ಮನೆ, 3 ಹುಲಿ, 15 ಆಡು. ಹುಲಿಗೆ ಕಲ್ಲು, ಆಡಿಗೆ ಹುಣಸೆಬೀಜ ಇದ್ದರಾಯಿತು. ಗೀರಿದವನು ಯಾರೋ, ಎಂದೋ ಸತ್ತ. ಆಡಲು ಯಾರ ಅಪ್ಪಣೆಯೂ ಬೇಡ.

ಅದೇ ಊರುಗಳ ಹುಡುಗರ ಫೋನಿಗೆ ಪಬ್‌ಜಿ ಎಂಬ ಆನ್‌ಲೈನ್ ಆಟ ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಭಾರತದ ಮಟ್ಟಿಗೆ ಸರ್ವರ್ ನಿಂತಿತು. ನಿಷೇಧ ಸರಿಯೋ ತಪ್ಪೋ, ಅದು ಬೇರೆ ಮಾತು. ಐಕಾನ್ ಇತ್ತು, ಫೈಲುಗಳಿದ್ದವು. ದುಡ್ಡು ಕೊಟ್ಟು ಕೊಂಡ ಬಟ್ಟೆ-ಬಂದೂಕುಗಳ ಲೆಕ್ಕ ಮಾತ್ರ ಇನ್ನೆಲ್ಲೋ ಇತ್ತು. 2021ರಲ್ಲಿ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, ಹಳೆ ಖಾತೆ ಸಾಗಿಸಿಕೊಳ್ಳಲು ಅವಕಾಶವೂ ಸಿಕ್ಕಿತು. 2022ರ ಜುಲೈನಲ್ಲಿ ಆಪ್ ಸ್ಟೋರಿನಿಂದ ಅದೂ ಮಾಯ. ಮರು ವರ್ಷ ಮತ್ತೆ ಹಾಜರ್. ಆಡುವವನ ಕೈಯಲ್ಲಿ ಏನೂ ಇರಲಿಲ್ಲ.

ನಿಷೇಧವಿಲ್ಲದೆಯೂ ಹೀಗಾಗುತ್ತದೆ. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರ್ ಆಟದ ಸರ್ವರನ್ನು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬರೇ ಆಡುವ ಭಾಗಕ್ಕೂ ಸರ್ವರ್ ಬೇಕಿದ್ದರಿಂದ, ಡಿಸ್ಕ್ ಕೊಂಡವರಿಗೆ ಉಳಿದದ್ದು ಬರೀ ತಟ್ಟೆ. ಆ ಸಿಟ್ಟಿನಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ನಷ್ಟದ ಸರ್ವರನ್ನು ಎಂದೆಂದಿಗೂ ನಡೆಸಿ ಎಂದು ಚಳವಳಿಯವರು ಕೇಳುತ್ತಿಲ್ಲ. ಕೈಬಿಡುವಾಗ ಆಟವನ್ನು ಆಡುವಂತೆ ಬಿಟ್ಟುಹೋಗಿ ಎನ್ನುತ್ತಾರೆ, ಅಷ್ಟೆ. ಸರ್ವರ್ ತಂತ್ರಾಂಶದಲ್ಲಿ ಬೇರೆಯವರ ಲೈಸೆನ್ಸಿನ ತುಣುಕುಗಳಿರುತ್ತವೆ ಎಂಬ ಕಂಪನಿಗಳ ತಕರಾರು ಸುಳ್ಳಲ್ಲ. ಹಳೆ ಆಟಗಳಿಗೆ ಅದು ನಿಜವಾದ ತೊಡಕು. ಹೊಸ ಆಟಕ್ಕಾದರೆ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಲು ಅಡ್ಡಿಯೇನು? 2012ರಲ್ಲಿ ಮುಚ್ಚಿದ ‘ಸಿಟಿ ಆಫ್ ಹೀರೋಸ್’ ಆಟವನ್ನು ನಡೆಸಲು ಎನ್‌ಸಿಸಾಫ್ಟ್ 2024ರಲ್ಲಿ ಅಭಿಮಾನಿಗಳ ತಂಡಕ್ಕೇ ಪರವಾನಗಿ ಕೊಟ್ಟಿತು. ಕಂಪನಿಯೇನೂ ಮುಳುಗಲಿಲ್ಲ.

ಸರ್ವರ್ ಉಳಿದರೂ, ಪಬ್‌ಜಿಯಲ್ಲಿ ನೂರು ಜನ ಒಟ್ಟಿಗೆ ಧುಮುಕುತ್ತಿದ್ದ ಆ ಗದ್ದಲ ಉಳಿಯುವುದಿಲ್ಲ, ನಿಜ. ಅದಕ್ಕೆ ಆಡಿದವರ ವಿಡಿಯೋಗಳನ್ನೂ ಕೂಡಿಡಬೇಕು.

ಪುಸ್ತಕಗಳನ್ನು ಹೀಗೆ ಕೂಡಿಡಲು ನಮ್ಮಲ್ಲಿ 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಇದೆ. ತೇನಿಯ ಪ್ರಕಾಶಕರೊಬ್ಬರು ಪುಸ್ತಕ ತಂದರೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೊಂದು, ಚೆನ್ನೈನ ಕನ್ನೆಮಾರಾ ಗ್ರಂಥಾಲಯಕ್ಕೊಂದು ಪ್ರತಿ ಕಳಿಸಲೇಬೇಕು. ಕೋಟ್ಯಂತರ ಜನ ಆಡಿದ ಆಟಕ್ಕೆ ಅಂಥ ಕಟ್ಟುಪಾಡಿಲ್ಲ. ಸಂಸತ್ತು ಆ ಕಾಯ್ದೆಗೆ ಆಟಗಳನ್ನೂ ಸೇರಿಸಲಿ, ಸರ್ವರ್ ಸಮೇತ.