ಅಡುಗೆಮನೆಗೆ ಇಷ್ಟು ಸಾಕೆ?

ಮನೆಗೆ ದೀಪ ಕೊಳ್ಳುವಾಗ ನಮ್ಮಲ್ಲಿ ಒಂದು ಕ್ರಮವಿದೆ. ಮೊದಲು ಹಾಲ್, ಅಲ್ಲಿಗೆ ತೂಗುದೀಪ. ಆಮೇಲೆ ದೇವರ ಮನೆ, ಮಲಗುವ ಕೋಣೆ, ಗೇಟಿನ ಕಂಬಗಳ ಮೇಲೆ ಎರಡು ಗುಂಡು ದೀಪ. ಹಾಲಿನಿಂದ ಕಿತ್ತ ಹಳೆಯ ಟ್ಯೂಬ್‌ಲೈಟು ಬಿಸಾಡಲು ಮನಸ್ಸು ಬಾರದೆ ಉಳಿಯುತ್ತದಲ್ಲ, ಅದು ಅಡುಗೆಮನೆಗೆ. ಬೇಲೂರಿನಲ್ಲಿ ಗೃಹಪ್ರವೇಶಕ್ಕೋ ಅರಿಶಿನ ಕುಂಕುಮಕ್ಕೋ ಹೋದ ಎಷ್ಟೋ ಮನೆಗಳಲ್ಲಿ ಇದನ್ನೇ ಕಂಡಿದ್ದೇನೆ. ಒಗ್ಗರಣೆಯ ಜಿಡ್ಡಿಗೆ ಧೂಳು ಅಂಟಿ ಮಾಸಿದ ಟ್ಯೂಬು, ಎರಡು ತುದಿಯಲ್ಲೂ ಕಪ್ಪು, ಗುಂಯ್ ಎನ್ನುವ ಚೋಕು. ಸ್ವಿಚ್ಚು ಹಾಕಿ, ಅದು ನಾಲ್ಕು ಸಲ ಕಣ್ಣು ಮಿಟುಕಿಸುವವರೆಗೆ ಕಾಯಬೇಕು. ಕೇಳಿದರೆ ಉತ್ತರ ಸಿದ್ಧ: "ಅಡುಗೆಮನೆಗೆ ಇಷ್ಟು ಸಾಕಲ್ವಾ?"

ಸಾಲದು.

ಹಾಲಿನಲ್ಲಿ ಸಂಜೆ ನಡೆಯುವ ಕೆಲಸವಾದರೂ ಏನು? ಟೀವಿ ನೋಡುವುದು. ಟೀವಿಗೆ ಅದರದೇ ಬೆಳಕಿದೆ. ಅಡುಗೆಮನೆಯಲ್ಲಾದರೆ ಅಕ್ಕಿಯ ಕಲ್ಲು, ರವೆಯ ಹುಳು, ಸೊಪ್ಪಿನ ಎಲೆಯಡಿ ಅಡಗಿದ ಮರಿಹುಳು, ಈಳಿಗೆಯ ಅಲಗು, ಕಾದ ಎಣ್ಣೆ. ಮನೆಯಲ್ಲಿ ಕಣ್ಣಿಗೆ ಅತಿ ಹೆಚ್ಚು ಕೆಲಸ ಇರುವ ಜಾಗಕ್ಕೆ ಅತಿ ಕಡಿಮೆ ಬೆಳಕು! ಸಾರಿನಲ್ಲಿ ಒಂದು ಕೂದಲು ಸಿಕ್ಕರೆ ಮಾತ್ರ, ಅದನ್ನು ಎತ್ತಿ ಹಿಡಿದು ತೋರಿಸಲು ಊಟದ ಮೇಜಿನ ಮೇಲೆ ಬೇಕಾದಷ್ಟು ಬೆಳಕಿರುತ್ತದೆ.

ನಮ್ಮ ವಯಸ್ಸಿನ ಮಾತೂ ಇದೆ. ಐವತ್ತು ದಾಟಿದ ಮೇಲೆ ಕಣ್ಣಿನ ಪಾಪೆ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ, ಒಳಗಿನ ಮಸೂರ ಹಳದಿಗಟ್ಟುತ್ತ ಬರುತ್ತದೆ. ಇಪ್ಪತ್ತರಲ್ಲಿ ಸಾಕಾಗುತ್ತಿದ್ದ ಬೆಳಕು ಈಗ ಸಾಲುವುದಿಲ್ಲ. ನಾವು ಕನ್ನಡಕದ ನಂಬರು ಬದಲಾಯಿಸುತ್ತೇವೆ, ದೀಪ ಬದಲಾಯಿಸುವುದಿಲ್ಲ. "ಸೀಮೆಎಣ್ಣೆ ಬುಡ್ಡೀಲಿ ಮುದ್ದೆ ಕಟ್ಟಿದೋರು ನಾವು" ಎಂದು ಹೇಳುವ ಹಿರಿಯರಿದ್ದಾರೆ. ಕಟ್ಟಿದರು, ನಿಜ. ಆ ಹೊಗೆಗೆ ಅವರ ಕಣ್ಣು ಎಷ್ಟು ಉರಿಯಿತೆಂದು ಆಗ ಕೇಳಿದವರು ಯಾರು?

ನಮ್ಮೂರಿಗೆ ಬಂದವರು 1117ರಲ್ಲಿ ಪ್ರತಿಷ್ಠೆಯಾದ ಚನ್ನಕೇಶವನ ಗುಡಿಯೊಳಗೆ ಹೋಗುತ್ತಾರೆ. ಸುತ್ತ ಜಾಲಂಧ್ರಗಳಿರುವ ನವರಂಗದಲ್ಲಿ ಹಗಲಿನಲ್ಲೂ ನಸುಗತ್ತಲೆ. ದೀಪದ ಬೆಳಕು ಬಿಟ್ಟು ತೋರಿಸಿದಾಗ ಭುವನೇಶ್ವರಿಯ ಕೆತ್ತನೆ ಕಂಡು ಬೆರಗಾಗುತ್ತಾರೆ. ಕೆಲಸದ ಮೇಲೆ ಬೆಳಕು ಬಿದ್ದರೆ ತಾನೆ ಕೆಲಸ ಕಾಣುವುದು? ಆ ಮಾತು ಕಲ್ಲಿಗೆ ಸಲ್ಲುತ್ತದೆ, ಹುರುಳಿಕಾಯಿ ಹೆಚ್ಚುವವಳಿಗೆ ಸಲ್ಲುವುದಿಲ್ಲ.

ಇನ್ನು ಖರ್ಚಿನ ನೆಪ. ನಮ್ಮನೆಯವರೂ ಇದನ್ನೇ ಹೂಡಿದರು: "ಮುಂದಿನ ವರ್ಷ ಪೇಂಟ್ ಮಾಡಿಸ್ತೀವಲ್ಲ, ಆವಾಗ ಒಟ್ಟಿಗೆ ನೋಡೋಣ ಬಿಡು." ಆ ಮುಂದಿನ ವರ್ಷ ಮೂರು ಸಲ ಬಂದು ಹೋಯಿತು. ಕೊನೆಗೆ ನಾನೇ ಅಂಗಡಿಗೆ ಹೋದೆ. "ಅಡುಗೆಮನೆಗಾ ಮೇಡಂ? ಹಾಗಾದ್ರೆ ಇದು ಸಾಕು" ಎಂದು ಅಂಗಡಿಯಾತ ಮೂಲೆಯಲ್ಲಿದ್ದ ಹೆಸರಿಲ್ಲದ ಮಾಲನ್ನು ಎಳೆದ. ಬೇಡವೆಂದೆ. ನಾಲ್ಕಡಿಯ 20 ವ್ಯಾಟಿನ ಎಲ್‌ಇಡಿ ಪಟ್ಟಿ ಒಂದು, ಎರಡಡಿಯ 10 ವ್ಯಾಟಿನದು ಒಂದು, ಕೂಲಿಯೂ ಸೇರಿ 750 ರೂಪಾಯಿ. ಮದುವೆಮನೆಗೆ ಕೊಡುವ ಒಂದು ಉಡುಗೊರೆಯ ಬೆಲೆ.

ವ್ಯಾಟಿಗಿಂತ ಮುಖ್ಯ, ದೀಪ ಇರುವ ಜಾಗ. ನಮ್ಮ ಮನೆಗಳಲ್ಲಿ ಟ್ಯೂಬು ಇರುವುದು ಬಾಗಿಲ ಮೇಲೆ, ಅಂದರೆ ಕಟ್ಟೆಯ ಮುಂದೆ ನಿಂತವಳ ಬೆನ್ನ ಹಿಂದೆ. ಅವಳ ನೆರಳು ಅವಳ ಚಾಕುವಿನ ಮೇಲೆಯೇ ಬೀಳುತ್ತದೆ. ಎರಡಡಿಯ ಪಟ್ಟಿಯನ್ನು ಕಟ್ಟೆಯ ಮೇಲಿನ ಶೆಲ್ಫಿನ ಅಡಿಗೆ ಹಾಕಿಸಿ, ಒಲೆಯ ನೇರಕ್ಕೆ ಬೇಡ, ಹೆಚ್ಚುವ ಜಾಗಕ್ಕೆ. ಹತ್ತಿರದ ಸಣ್ಣ ದೀಪ ದೂರದ ದೊಡ್ಡದಕ್ಕಿಂತ ಮೇಲು. ಇದು ವಿಜ್ಞಾನದ ಪಾಠ, ನಾನು ಹೇಳುವುದು ಸಮಾಜಶಾಸ್ತ್ರ!

"ಕರೆಂಟೇ ಪುಕ್ಕಟೆಯಲ್ಲವೆ, ಉಳಿಸಿ ಏನು ಬಂತು?" ಎನ್ನುವವರಿಗೆ ಒಂದು ಮಾತು. 2023ರ ಆಗಸ್ಟಿನಲ್ಲಿ ಬಂದ ಗೃಹಜ್ಯೋತಿಗೂ ಮಿತಿಯುಂಟು. ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ತುಸು ಸೇರಿಸಿದಷ್ಟು, ಅದೂ 200 ಯೂನಿಟ್ ಮೀರದಂತೆ. 40 ವ್ಯಾಟಿನ ಟ್ಯೂಬು ಚೋಕು ಸೇರಿ 50ಕ್ಕೆ ಮುಟ್ಟುತ್ತದೆ. ಆ ಜಾಗಕ್ಕೆ 20 ವ್ಯಾಟಿನದು ಬಂದರೆ, ದಿನಕ್ಕೆ ಐದು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 4.5 ಯೂನಿಟ್ ಉಳಿತಾಯ. ದೊಡ್ಡದೇನಲ್ಲ, ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರುವುದು ಬಿಲ್ಲಿಗಾಗಿ ಅಲ್ಲ, ಕಣ್ಣಿಗಾಗಿ. ಹಾಲಿನ ತೂಗುದೀಪ ಎಷ್ಟು ಯೂನಿಟ್ ತಿನ್ನುತ್ತದೆಂದು ಯಾವ ಮನೆಯಲ್ಲೂ ಲೆಕ್ಕ ಹಾಕಿದ್ದನ್ನು ನಾನು ಕೇಳಿಲ್ಲ.

ಕೊಳ್ಳುವಾಗ ಬಿಐಎಸ್ ನೋಂದಣಿ ಗುರುತು, ಗ್ಯಾರಂಟಿ ಚೀಟಿ ನೋಡಿ. ಹಳೆಯ ಪಟ್ಟಿಗೇ ಎಲ್‌ಇಡಿ ಟ್ಯೂಬು ಸಿಕ್ಕಿಸಿಕೊಡುತ್ತೇನೆಂದರೆ ಒಪ್ಪಬೇಡಿ. ಅದಕ್ಕೆ ಎಷ್ಟೋ ಸಲ ಒಳಗಿನ ವೈರು ಬದಲಿಸಬೇಕಾಗುತ್ತದೆ. ಪೂರ್ತಿ ಪಟ್ಟಿ ಹೊಸದಾದರೆ ಆ ತಂಟೆ ಇಲ್ಲ. ಮೇನ್ ಸ್ವಿಚ್ ಆರಿಸಿದ ಮೇಲೆಯೇ ಏಣಿ ಹತ್ತಿಸಿ. ಕೆಲಸದವನು ಬಂದಾಗ ದೀಪ ಎಲ್ಲಿ ಬೇಕೆಂದು ಮನೆಯ ಗಂಡಸರು ಹೇಳುವುದಕ್ಕೆ ಬಿಡಬೇಡಿ. ಕಟ್ಟೆಯ ಮುಂದೆ ಈಳಿಗೆ ಹಿಡಿದು ನೀವೇ ನಿಂತು ತೋರಿಸಿ. ಕಿತ್ತ ಟ್ಯೂಬಿನೊಳಗೆ ಪಾದರಸವಿದೆ, ಹಿತ್ತಿಲಿಗೆ ಎಸೆದು ಒಡೆಯಬೇಡಿ. ಆ ಪಾದರಸದ ಕಾರಣಕ್ಕೇ ಇಂಥ ಟ್ಯೂಬುಗಳ ತಯಾರಿಕೆಯನ್ನು 2027ರ ಕೊನೆಯೊಳಗೆ ನಿಲ್ಲಿಸಲು 2023ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಒಪ್ಪಿಕೊಂಡಿವೆ. ಹಾಗಾಗಿ "ಚೋಕ್ ಒಂದು ಬದಲಾಯಿಸಿದ್ರೆ ಇನ್ನೈದು ವರ್ಷ ನಡೆಯುತ್ತೆ" ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ, ಆಮೇಲೆ ಟ್ಯೂಬು ಎಲ್ಲಿಂದ ತರುತ್ತೀರಿ ಎಂದು ಕೇಳಿ.