ಸಂಘದ ಲೆಕ್ಕ ತೆರೆದಿರಲಿ, ಮನೆಯ ವಿವರ ಮುಚ್ಚಿರಲಿ

ಬೆಂಗಳೂರಿನ ವಸತಿ ಸಮುಚ್ಚಯವೊಂದರಲ್ಲಿ ಕೆಲವು ವರ್ಷ ವಾಸವಾಗಿದ್ದೆ. ಒಂದು ಬೆಳಿಗ್ಗೆ ಲಿಫ್ಟಿನ ಪಕ್ಕದ ಸೂಚನಾ ಫಲಕದಲ್ಲಿದ್ದ ‘ಬಾಕಿದಾರರ ಪಟ್ಟಿ’ಯಲ್ಲಿ ನನ್ನ ಹೆಸರು, ಮನೆ ಸಂಖ್ಯೆ, ದೂರವಾಣಿ ಸಂಖ್ಯೆ, ಬಾಕಿ ಮೊತ್ತ ಎಲ್ಲವೂ ಕಂಡವು. ನಾನು ಕೊಟ್ಟಿದ್ದ ಚೆಕ್ಕನ್ನು ಬೇರೊಂದು ಮನೆಯ ಲೆಕ್ಕಕ್ಕೆ ಜಮಾ ಮಾಡಿದ್ದರಿಂದ ಆದ ಪ್ರಮಾದವದು. ಅದನ್ನು ತಿದ್ದಿಸಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಪಟ್ಟಿಯ ಚಿತ್ರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡಿತ್ತು. ಅದೇ ಸಂಘದಲ್ಲಿ ವರ್ಷದ ಖರ್ಚಿನ ವೋಚರುಗಳನ್ನು ನೋಡಲು ಕೇಳಿದಾಗ ದೊರೆತ ಉತ್ತರ: ‘ಅದು ಸಮಿತಿಯ ಆಂತರಿಕ ವಿಚಾರ’. ಮುಚ್ಚಿಡಬೇಕಾದುದು ಬಯಲಲ್ಲಿ, ಬಯಲಲ್ಲಿರಬೇಕಾದುದು ಬೀರುವಿನಲ್ಲಿ! ನಮ್ಮ ಅನೇಕ ನಿವಾಸಿ ಸಂಘಗಳ ರೋಗವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಈಶ್ವರಮಂಗಲದಲ್ಲಿ ಬೆಳೆದ ನನಗೆ ನೆರೆಹೊರೆಯ ಕುತೂಹಲ ಹೊಸತಲ್ಲ. ಕೇರಳದ ಗಡಿಗೆ ಸಮೀಪವಿರುವ ಪುತ್ತೂರು ತಾಲ್ಲೂಕಿನ ಆ ಊರಿನಲ್ಲಿ ಯಾರ ಮನೆಗೆ ನೆಂಟರು ಬಂದರು, ಯಾರ ಅಡಿಕೆ ಎಷ್ಟಕ್ಕೆ ಹೋಯಿತು ಎಂಬುದು ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಹಳ್ಳಿಯ ಬಾಯಿ ಸದಾ ಸೌಮ್ಯವೆಂದು ನಾನು ಹೇಳಲಾರೆ. ಆದರೆ ಅಲ್ಲಿ ನನ್ನ ವಿಷಯ ಬಲ್ಲವರ ವಿಷಯ ನನಗೂ ತಿಳಿದಿರುತ್ತದೆ. ಜೊತೆಗೆ, ಆಡಿದ ಮಾತು ಕಾಲಕ್ರಮದಲ್ಲಿ ಮರೆತುಹೋಗುತ್ತದೆ. ದಾಖಲೆಗೆ ಆ ಮರೆವು ಇಲ್ಲ.

ಇಂದು ಸಮುಚ್ಚಯವೊಂದರ ಸಂಘದ ಬಳಿ ಏನೇನಿರುತ್ತದೆಂದು ಗಮನಿಸಬೇಕು. ಆಧಾರ್ ಪ್ರತಿ, ಬಾಡಿಗೆ ಕರಾರು, ಕುಟುಂಬದವರ ವಿವರ, ವಾಹನ ಸಂಖ್ಯೆ, ಕ್ಯಾಮೆರಾ ದೃಶ್ಯಗಳು. ಗೇಟಿನಲ್ಲಿ ಆ್ಯಪ್ ಇದ್ದರೆ ಯಾರು, ಯಾವಾಗ, ಯಾರ ಮನೆಗೆ ಬಂದರೆಂಬ ದಾಖಲೆಯೂ ಸೇರುತ್ತದೆ. ಇವನ್ನು ಒಟ್ಟುಗೂಡಿಸಿ ನೋಡಿದರೆ ಯಾವ ಮನೆಯಲ್ಲಿ ವೃದ್ಧರೊಬ್ಬರೇ ಇದ್ದಾರೆ, ಯಾವ ಮನೆ ಹಗಲಲ್ಲಿ ಖಾಲಿ ಎಂಬುದನ್ನು ಸುಲಭವಾಗಿ ಹೇಳಬಹುದು. ಭದ್ರತೆಗಾಗಿ ಸಂಗ್ರಹಿಸಿದ ಮಾಹಿತಿಯೇ ಅಭದ್ರತೆಗೆ ದಾರಿಯಾಗಬಲ್ಲದು. ಇನ್ನು ಭಾವಚಿತ್ರ ಕೊಟ್ಟು, ಚೀಲ ತೋರಿಸಿ ಒಳಬರುವ ಮನೆಗೆಲಸದವರ ಒಪ್ಪಿಗೆಯನ್ನು ಕೇಳುವವರು ವಿರಳ.

ಈ ದೋಷ ಸಂಘಗಳದ್ದು ಮಾತ್ರವಲ್ಲ. ಆಡಳಿತದಲ್ಲಿ ಆಯುಷ್ಯ ಕಳೆದ ನಾನು ಇದನ್ನು ಒಪ್ಪಿಕೊಳ್ಳಲೇಬೇಕು. 2020ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ಮನೆಯಲ್ಲಿ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಪ್ರಕಟಿಸಿತು. ದೇಶದ ಹಲವೆಡೆ ಸೋಂಕಿತರ ಬಾಗಿಲುಗಳಿಗೆ ಭಿತ್ತಿಪತ್ರ ಅಂಟಿಸಲಾಯಿತು. ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಹೇಳಬೇಕಾಯಿತು. ಸೋಂಕಿತರ ಹೆಸರುಗಳು ನಿವಾಸಿ ಸಂಘಗಳ ಕೈಸೇರಿ ಹರಡುತ್ತಿವೆ ಎಂಬುದೂ ಆ ವ್ಯಾಜ್ಯದ ದೂರುಗಳಲ್ಲೊಂದಾಗಿತ್ತು.

ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ಹೋರಾಟಕ್ಕೆ 2012ರಲ್ಲಿ ನಾಂದಿ ಹಾಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳ ಪಾಲನೆಗೆ 18 ತಿಂಗಳ ಅವಕಾಶ ನೀಡಲಾಯಿತು. ಈ ಕಾಯ್ದೆಯಲ್ಲಿ ‘ವ್ಯಕ್ತಿ’ ಎಂಬ ಪದದ ವ್ಯಾಪ್ತಿಗೆ ವ್ಯಕ್ತಿಗಳ ಸಂಘವೂ ಬರುತ್ತದೆ ಎಂಬುದನ್ನು ಪದಾಧಿಕಾರಿಗಳು ನೆನಪಿಡುವುದು ಒಳ್ಳೆಯದು. ಯಾವ ಉದ್ದೇಶಕ್ಕಾಗಿ ಮಾಹಿತಿ ಎಂಬುದನ್ನು ಮೊದಲೇ ತಿಳಿಸಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬುದು ಅದರ ತಿರುಳು.

ಬಾಕಿದಾರರ ಹೆಸರು ಪ್ರಕಟಿಸದಿದ್ದರೆ ಹಣ ವಸೂಲಾಗುವುದು ಹೇಗೆ ಎಂಬ ಪ್ರಶ್ನೆ ಸಹಜ. ಒಬ್ಬರು ಕೊಡದಿದ್ದರೆ ನೀರು, ಲಿಫ್ಟು, ಕಾವಲಿನ ವೆಚ್ಚ ಉಳಿದವರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಅರ್ಥಶಾಸ್ತ್ರ ಓದಿದವನು ಅಲ್ಲಗಳೆಯಲಾರ. ಆದರೆ 1972ರಲ್ಲಿ ರೂಪುಗೊಂಡ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯು ಬಾಕಿಯನ್ನು ಆ ಮನೆಯ ಮೇಲಿನ ಋಣಭಾರವೆಂದೇ ಪರಿಗಣಿಸಿತು. ಜಮಾಖರ್ಚಿನ ಪುಸ್ತಕ, ವೋಚರುಗಳು ಮಾಲೀಕರ ಪರಿಶೀಲನೆಗೆ ಲಭ್ಯವಿರಬೇಕೆಂದೂ ಹೇಳಿತು. ವಸೂಲಿಗೆ ನೋಟಿಸು ಮತ್ತು ನ್ಯಾಯಾಲಯಗಳಿವೆ. ಅವಮಾನ ಕಾನೂನುಬದ್ಧ ವಸೂಲಿ ವಿಧಾನವಲ್ಲ.

ಸಂಘಗಳು ಮಾಡಬೇಕಾದುದು ದುಬಾರಿಯದ್ದೇನೂ ಅಲ್ಲ. ಆಧಾರ್ ಬೇಕೇ ಬೇಕೆಂದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು. ಗೇಟಿನ ದಾಖಲೆ ಎಷ್ಟು ದಿನ ಉಳಿಯಬೇಕು, ಕ್ಯಾಮೆರಾ ದೃಶ್ಯಗಳನ್ನು ಯಾರು ನೋಡಬಹುದು ಎಂಬುದನ್ನು ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನಿಸಿ ನಡಾವಳಿಯಲ್ಲಿ ಬರೆದಿಡಬೇಕು. ಆ್ಯಪ್ ಕಂಪನಿಯೊಂದಿಗಿನ ಕರಾರನ್ನು ಸದಸ್ಯರಿಗೆ ತೋರಿಸಬೇಕು. ಬಾಕಿಯ ಒಟ್ಟು ಮೊತ್ತವನ್ನು ಫಲಕದಲ್ಲಿ ಹಾಕಿ, ವೈಯಕ್ತಿಕ ವಿವರವನ್ನು ಆಯಾ ಮನೆಗೆ ಮಾತ್ರ ಕಳುಹಿಸಬೇಕು.

ಸಮಿತಿಯ ಕೈಯಲ್ಲಿರುವುದು ನೆರೆಯವರು ನಂಬಿ ಒಪ್ಪಿಸಿದ ಹಣ ಮತ್ತು ಮಾಹಿತಿ. ಮೊದಲನೆಯದರ ಲೆಕ್ಕ ಎಲ್ಲರಿಗೂ ಸಿಗಬೇಕು. ಎರಡನೆಯದು ಸಂಬಂಧಪಟ್ಟವರಿಗೆ ಹೊರತು ಬೇರೆ ಯಾರಿಗೂ ಸಿಗಬಾರದು. ಮುಂದಿನ ವಾರ್ಷಿಕ ಸಭೆಯಲ್ಲಿ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ ಇದೇ ಆಗಲಿ.